ಗೌರಿಯ ನತ್ತಿಗೆ ಇಪ್ಪತ್ತಮೂರು ಕಾಲಂ

ಅತ್ತೆ ಸತ್ಯವತಮ್ಮನವರು ಹದಿಮೂರು ವರ್ಷಗಳಲ್ಲಿ ಅಳಿಯ ಚಂದ್ರಮೌಳಿಗೆ ಒಪ್ಪಿಸಿದ ಮೊದಲ ಜವಾಬ್ದಾರಿಯೆಂದರೆ, ವಿಸರ್ಜನೆಗೆ ಮೊದಲು ಗೌರಿಯ ಒಡವೆಗಳನ್ನು ಬಿಚ್ಚಿ ಡಬ್ಬಿಗೆ ಹಾಕುವುದು. ಒಡವೆ ಐದಿದ್ದವು. ಅವನು ನಾಲ್ಕನ್ನು ಬಿಚ್ಚಿದ. ನೂರಕ್ಕೆ ಎಂಬತ್ತು ಎಂದರೆ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುವಾಗ ಅವನು ಎಂದೂ ಕಾಣದ ಅಂಕ. ಆದರೆ ಒಡವೆಯ ವಿಷಯದಲ್ಲಿ ಲೋಕ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಊರು ಜಪಾನಿನ ಸಗಮಿಹಾರಾ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಚಂದ್ರಮೌಳಿಯ ಕೆಲಸವೇನೆಂದರೆ, ಅಳೆಯುವ ಸಾಧನಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆದು ನೋಡುವುದು. ಹುಟ್ಟಾ ಅನುಮಾನದ ಪ್ರಾಣಿಯಾದವನಿಗೆ ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯವೆಂದೇ ಹೇಳಬೇಕು. ಸತ್ಯವತಮ್ಮ ಒಂದು ತಿಂಗಳ ಮಟ್ಟಿಗೆ ಮೈಸೂರಿನಿಂದ ಮಗಳ ಮನೆಗೆ ಬಂದಿದ್ದರು. ಬರುವಾಗ ಮಣ್ಣಿನ ಗೌರಿ ಗಣೇಶರನ್ನು ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ಉದ್ದಕ್ಕೂ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು. ಜೊತೆಗೆ ಒಡವೆಯ ಡಬ್ಬಿ. ಆ ಡಬ್ಬಿಗೆ ರಾಣಿಯೆಂದರೆ ನತ್ತು. ನಡುವೆ ಕೆಂಪು ಕಲ್ಲು, ಸುತ್ತ ಏಳು ಮುತ್ತು. ಸತ್ಯವತಮ್ಮನವರ ತಾಯಿಯ ಮದುವೆಗೆ ಮಾಡಿಸಿದ್ದು, ಎಂಬತ್ತು ವರ್ಷದ್ದು.

ಈ ನತ್ತಿನ ಮೇಲೆ ಎರಡು ಕಡೆಯಿಂದ ಕಣ್ಣಿತ್ತು. ಒಂದು ಚಂದ್ರಮೌಳಿಯ ಹೆಂಡತಿ ಕಸ್ತೂರಿಯದು. ಇನ್ನೊಂದು ಮೈಸೂರಿನಲ್ಲಿರುವ ಸೊಸೆ ಇಂದುವಿನದು. ಇಬ್ಬರೂ "ನನಗೇನೂ ಬೇಡಪ್ಪ" ಎನ್ನುತ್ತಿದ್ದುದರಿಂದಲೇ ವಿಷಯ ಎಷ್ಟು ಗಂಭೀರವೆಂದು ತಿಳಿಯಬಹುದು. ಇಂದು ವಾರಕ್ಕೆರಡು ಸಲ ಫೋನು ಮಾಡಿ "ಅತ್ತೆ, ನತ್ತು ಜೋಪಾನ" ಎನ್ನುತ್ತಿದ್ದಳು. ಅದಿಲ್ಲದೆ ಸತ್ಯವತಮ್ಮ ಮೈಸೂರಿನಲ್ಲಿ ಇಳಿದರೆ, ಮಗಳಿಗೆ ಕೊಟ್ಟುಬಂದರೆಂದೇ ಅರ್ಥ. ಆಮೇಲೆ ಆ ಮನೆಯಲ್ಲಿ ಅವರಿಗೆ ನೆಮ್ಮದಿಯ ಕಾಫಿ ಸಿಗುವುದು ಸಂಶಯ.

ವಿಸರ್ಜನೆ ಭಾನುವಾರ ನಡೆಯಿತು. ಜಪಾನಿನ ಹೊಳೆಯಲ್ಲಿ ದೇವರನ್ನು ಬಿಡುವುದಿರಲಿ, ಕಾಲು ತೊಳೆಯುವ ಮೊದಲೂ ಬೋರ್ಡು ಓದಬೇಕು. ಹಾಗಾಗಿ ಅಲ್ಲಿನ ನಮ್ಮವರೆಲ್ಲ ಮಾಡುವಂತೆ ಚಂದ್ರಮೌಳಿ ಗೌರಿ ಗಣೇಶರನ್ನು ಬಕೆಟ್ಟಿನಲ್ಲಿ ಕರಗಿಸಿದ. ಆ ಕೆಸರು ನೀರನ್ನು, ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ತಾನು ಬಾಡಿಗೆಗೆ ಹಿಡಿದಿದ್ದ ಹದಿನೇಳನೇ ನಂಬರಿನ ತರಕಾರಿ ಪಾತಿಗೆ ಒಯ್ದು, ಬದನೆ ಗಿಡಗಳ ಬುಡಕ್ಕೆ ಸುರಿದ. ಸೋಮವಾರ ಸಂಜೆ, ಯಾರೂ ಕೇಳದಿದ್ದರೂ, ಜವಾಬ್ದಾರಿಯೆಂದರೆ ಎರಡನೇ ಸಲ ನೋಡುವುದೆಂಬ ನಿಯಮದಂತೆ ಡಬ್ಬಿ ತೆರೆದ.

"ಕಸ್ತೂರಿ, ಸ್ವಲ್ಪ ಬಾ ಇಲ್ಲಿ. ಗೌರಿಗೆ ಎಷ್ಟು ಒಡವೆ ಹಾಕಿದ್ವಿ?"

"ಐದು."

"ಓಲೆ ಜೋಡೀನ ಒಂದು ಅಂತ ಎಣಿಸಿದ್ಯಾ, ಎರಡು ಅಂತಾನಾ?"

ಕಸ್ತೂರಿ ಕೈಯಲ್ಲಿದ್ದ ಲ್ಯಾಪ್‌ಟಾಪ್ ಮುಚ್ಚಿದಳು. "ರೀ, ಏನು ಕಳೆದ್ರಿ?"

ಪಕ್ಕದ ಕೋಣೆಯಲ್ಲಿ ಸತ್ಯವತಮ್ಮ ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಅದರ ಸದ್ದಿನಲ್ಲಿ ಮಾತಾಡಿದರು.

"ಅಮ್ಮಂಗೆ ಹೇಳ್ಬಿಡೋಣ" ಎಂದಳು ಕಸ್ತೂರಿ.

"ಹೇಳೋಣ. ನೀನೇ ಹೇಳು, ನಿಮ್ಮಮ್ಮ."

"ಮೂಗಿಂದ ಬಿಚ್ಚದೇ ಬಕೆಟ್ಟಿಗೆ ಹಾಕಿದ್ದು ನಮ್ಮಮ್ಮನ ಅಳಿಯ."

ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಇಬ್ಬರೂ ಹೇಳಲಿಲ್ಲ. ಸತ್ಯವತಮ್ಮನ ವಿಮಾನ ಮುಂದಿನ ಸೋಮವಾರ. ಅಷ್ಟರೊಳಗೆ ನತ್ತು ಡಬ್ಬಿಗೆ ಬರಬೇಕು.

ಮಂಗಳವಾರ ಬೆಳಗ್ಗೆ ಚಂದ್ರಮೌಳಿ ಚಾಪ್‌ಸ್ಟಿಕ್ ಹಿಡಿದು ಪಾತಿಯಲ್ಲಿ ಕೂತ. ಒಂದು ಗಂಟೆಯಲ್ಲಿ ಒಂದು ಎರೆಹುಳು, ಒಂದು ಬಾಟಲಿ ಮುಚ್ಚಳ ಸಿಕ್ಕಿದವು. ಕಾರ್ಖಾನೆಯಲ್ಲಿ ಯಾರನ್ನೋ ಕೇಳಿದಾಗ, ಇದಕ್ಕೆಂದೇ ಒಂದು ಸಾಧನ ಇದೆಯೆಂದು ತಿಳಿಯಿತು. ಸಮುದ್ರದ ದಂಡೆಯಲ್ಲಿ ಕಳೆದ ಉಂಗುರ ಹುಡುಕುವವರು ಇಟ್ಟುಕೊಳ್ಳುವ ಪಿನ್‌ಪಾಯಿಂಟರ್. ಉದ್ದ ಕೋಲಿನ ದೊಡ್ಡ ಯಂತ್ರ "ಇಲ್ಲೆಲ್ಲೋ ಇದೆ" ಎಂದು ಹೇಳಿದ ಮೇಲೆ, ಗುಂಡಿಯೊಳಗೆ ತೂರಿಸಿ "ಇಗೋ ಇಲ್ಲೇ ಇದೆ" ಎಂದು ತಿಳಿಯಲು ಇದು ಬೇಕು. ಟಾರ್ಚಿನಷ್ಟು ಗಾತ್ರ. ತುದಿ ಲೋಹದ ಹತ್ತಿರ ಹೋದರೆ ಕೂಗುತ್ತದೆ, ಇಲ್ಲವೆ ಕೈಯಲ್ಲಿ ಗುಂಯ್ ಎಂದು ನಡುಗುತ್ತದೆ. ಬದನೆ ಸಾಲು ಒಂದೇ ಆದ್ದರಿಂದ ಇವನಿಗೆ ಈ ಚಿಕ್ಕದೇ ಸಾಕಿತ್ತು.

ಅಂದೇ ಸಂಜೆ ಕಸ್ತೂರಿಯನ್ನು ಕರೆದುಕೊಂಡು ಪಕ್ಕದ ಊರು ಮಚಿದಾದ ಒಂದು ಅಂಗಡಿಗೆ ಹೋದ. ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಕೊಂಡು, ದುಡ್ಡು ಕೊಟ್ಟು, ಮನೆಗೆ ಬರುತ್ತಿದ್ದರು. ಚಂದ್ರಮೌಳಿ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದ.

"ಚಿನ್ನಕ್ಕೆ ಎಷ್ಟು ದೂರದಿಂದ ಸ್ಪಂದಿಸುತ್ತದೆ ಅಂತ ನೋಡಬೇಕಿತ್ತು" ಎಂದು ಅಂಗಡಿಯವನಿಗೆ ವಿನಯದಿಂದ ಹೇಳಿದ. "ಮಾದರಿ ಇವರ ಮೂಗಿನ ಮೇಲಿದೆ."

ಅಂಗಡಿಯವನು ಕಸ್ತೂರಿಯ ಮೂಗುತಿ ನೋಡಿದ, ಸ್ಕೇಲು ನೋಡಿದ, ಸೊಂಟ ಬಾಗಿಸಿ, ಕ್ಷಮೆ ಕೇಳುವಂತೆ "ಸುಮಿಮಾಸೆನ್" ಎಂದ. ಅಂಗಡಿಯಲ್ಲಿದ್ದ ಮೂರು ಪಿನ್‌ಪಾಯಿಂಟರ್‌ಗಳಲ್ಲಿ ಮೊದಲನೇ ಕಡ್ಡಿಯನ್ನು ಅವಳ ಮೂಗಿನ ಕಡೆ ಚಾಚಿದ. ಅದು ಪೀಂ ಎಂದಿತು. ಅವನು ಮತ್ತೆ ಬಾಗಿ "ಸುಮಿಮಾಸೆನ್" ಎಂದ.

"ಎರಡು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್" ಎಂದು ಚಂದ್ರಮೌಳಿ ಬರೆದುಕೊಂಡ. "ಕಸ್ತೂರಿ, ಉಸಿರು ಬಿಡಬೇಡ, ರೀಡಿಂಗ್ ಅಲ್ಲಾಡತ್ತೆ."

"ಉಸಿರು ಬಿಡದೇ ಇದ್ರೆ ನಿಮಗೆ ಇನ್ನೊಂದು ಕರ್ಮ ಮಾಡೋ ಕೆಲಸ ಬರತ್ತೆ" ಎಂದಳು ಕಸ್ತೂರಿ, ತುಟಿ ಅಲ್ಲಾಡಿಸದೆ.

ಎರಡನೆಯದು ಸದ್ದಿಲ್ಲದೆ ನಡುಗಿತು. ಮೂರನೆಯದು ಮೂಗಿನವರೆಗೂ ಬರಲೇ ಇಲ್ಲ. ಕರಿಮಣಿ ಸರ ಕಂಡೇ ಕಿರುಚಲು ಶುರು ಮಾಡಿ, ಬಳೆ, ಓಲೆ, ಬ್ಯಾಗಿನ ಜಿಪ್ಪು, ಎಲ್ಲದಕ್ಕೂ ಕಿರುಚಿತು. ಅಷ್ಟರಲ್ಲಿ ನಾಲ್ಕಾರು ಗಿರಾಕಿಗಳು ಸುತ್ತ ನಿಂತಿದ್ದರು. ಒಬ್ಬ ಮುದುಕರು ಮೆಲ್ಲನೆ ಚಪ್ಪಾಳೆಯನ್ನೂ ತಟ್ಟಿದರು. ಚಂದ್ರಮೌಳಿ ಪ್ರತಿಯೊಂದನ್ನೂ ಮೂರು ಮೂರು ಸಲ ಅಳೆದು, ಸರಾಸರಿ ತೆಗೆದು, ಅಂಗಡಿಯವನಿಗೆ ವಂದನೆ ಹೇಳಿ, ಏನನ್ನೂ ಕೊಳ್ಳದೆ ಹೊರಬಂದ.

ರೈಲಿನಲ್ಲಿ ಕಸ್ತೂರಿ ಎರಡು ಸ್ಟೇಷನ್ನಿನವರೆಗೆ ಮೂಗು ಉಜ್ಜಿಕೊಂಡಳು. ಮೂರನೆಯದರಲ್ಲಿ ಕೇಳಿದಳು. "ಯಾವುದೋ ಒಂದು ತಗೊಂಡ್ರೆ ಏನಾಗ್ತಿತ್ತು?"

"ಮೊದಲನೇದು ಕೂಗತ್ತೆ. ಅತ್ತೆಗೆ ಕೇಳಿಸಿದ್ರೆ?"

"ಅರ್ಧ ಕಿಲೋಮೀಟರ್ ಆಚೆಗೆ?"

"ಎರಡನೇದು ನಡುಗತ್ತೆ, ಸರಿ. ಆದ್ರೆ ತುದಿ ಮಾತ್ರ ಹಿಡಿಯತ್ತಾ ಪಕ್ಕಾನೂ ಹಿಡಿಯತ್ತಾ ಅಂತ ಕೈಪಿಡೀಲಿ ಸ್ಪಷ್ಟ ಇಲ್ಲ."

"ಮೂರನೇದು?"

"ಅದು ತುಂಬ ಸೂಕ್ಷ್ಮ. ಎಲ್ಲದಕ್ಕೂ ಗಾಬರಿ ಆಗತ್ತೆ."

"ಹಾಗಾದ್ರೆ ಬೇಡ. ಮನೇಲಿ ಆಗಲೇ ಒಂದಿದೆ" ಎಂದಳು ಕಸ್ತೂರಿ.

ಬುಧವಾರ ಅವನು ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕ ಮಾಡಿದ. ತೂಕ, ಉದ್ದ, ಬ್ಯಾಟರಿ, ನೀರು ತಡೆಯುವ ಶಕ್ತಿ, ಸುಳ್ಳು ಕೂಗಿನ ಪ್ರಮಾಣ ಎಂದು ಮೊದಲಾಗಿ ಒಟ್ಟು ಇಪ್ಪತ್ತಮೂರು ಕಾಲಂ. ಮೂರು ಕಡ್ಡಿಗಳಿಗೂ ಒಟ್ಟು ಅಂಕ ಸಮಸಮವಾಗಿ ಬಂತು. ಇದರಿಂದ ಅವನಿಗೆ ಬೇಸರವಾಗಲಿಲ್ಲ. ಕೋಷ್ಟಕ ನಿಷ್ಪಕ್ಷಪಾತವಾಗಿದೆ ಎಂದು ಸಮಾಧಾನವೇ ಆಯಿತು.

ಈ ನಡುವೆ ಇನ್ನೊಂದು ತೊಡಕು ಹೊಳೆಯಿತು. ತರಕಾರಿ ತೋಟದ ಸಂಘಕ್ಕೆ ನಲವತ್ತೊಂದು ನಿಯಮಗಳ ಪುಸ್ತಕವೊಂದಿತ್ತು. ಅದನ್ನು ಪೂರ್ತಿ ಓದಿದವನು ಚಂದ್ರಮೌಳಿ ಒಬ್ಬನೇ. ಬರೆದ ಅಧ್ಯಕ್ಷರಾದ ಕುವಾಬರಾ-ಸಾನ್ ಎಪ್ಪತ್ತೆಂಟರ ವಯಸ್ಸಿನಲ್ಲಿ ಅರ್ಧ ಮರೆತಿದ್ದರು. ಇಪ್ಪತ್ತೊಂಬತ್ತನೇ ನಿಯಮದ ಪ್ರಕಾರ ಮಣ್ಣಿನಲ್ಲಿ ವಿದ್ಯುತ್ ಸಾಧನ ಬಳಸುವವರು ಮುಂಚಿತವಾಗಿ ಲಿಖಿತ ಮಾಹಿತಿ ಕೊಡಬೇಕು. ಬೇರೆ ಯಾರೂ ಎಂದೂ ಕೊಟ್ಟಿರಲಿಲ್ಲ. ಚಂದ್ರಮೌಳಿ ಕೊಟ್ಟ.

ನತ್ತು ಎಂದು ಬರೆಯುವಂತಿರಲಿಲ್ಲ. ಯಾಕೆಂದರೆ ಪಕ್ಕದ ಪಾತಿಯ ಹಿರೋಸೆ-ಸಾನ್ ಎಂಬ ಹೆಂಗಸು ಸತ್ಯವತಮ್ಮನಿಗೆ ಆಪ್ತ ಗೆಳತಿಯಾಗಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ದಿನಾ ಅರ್ಧ ಗಂಟೆ ಮಾತಾಡುತ್ತಿದ್ದರು. ಆದ್ದರಿಂದ ಚಂದ್ರಮೌಳಿ ಸುಳ್ಳೂ ಹೇಳದೆ ನಿಜವೂ ಬಿಡದೆ ಅರ್ಜಿ ತುಂಬಿದ. ಹುಡುಕುವ ವಸ್ತು: ಲೋಹದ್ದು, ಒಂದು. ಆಕಾರ: ದುಂಡು. ಎಷ್ಟು ಹಳೆಯದು: ಸುಮಾರು ಎಂಬತ್ತು ವರ್ಷ. ಎಷ್ಟು ಆಳದಲ್ಲಿದೆ: ಗೊತ್ತಿಲ್ಲ. ವಿಶೇಷ ಸೂಚನೆ: ಗುದ್ದಲಿ ತಾಗಿಸಬಾರದು, ಬಹಳ ನಾಜೂಕು. ಕೊನೆಗೆ, ಯಾರಿಗೂ ಕಳವಳವಾಗದಿರಲಿ ಎಂದು, ಒಂದು ಸಾಲು ತಾನಾಗಿಯೇ ಸೇರಿಸಿದ. "ದಯವಿಟ್ಟು ಯಾರೂ ಗಾಬರಿಯಾಗಬೇಡಿ, ನಾನೊಬ್ಬನೇ ಸದ್ದಿಲ್ಲದೆ ತೆಗೆಯುತ್ತೇನೆ."

ಸಗಮಿಹಾರಾ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ತುಂಬಿದ್ದ ಊರು. ಎಂಬತ್ತು ವರ್ಷ ಹಿಂದಿನ ದುಂಡನೆಯ ಲೋಹದ ವಸ್ತು ಎಂದರೆ ಅಲ್ಲಿನ ಹಿರಿಯರಿಗೆ ನೆನಪಾಗುವುದು ಮೂಗಲ್ಲ. ಕುವಾಬರಾ-ಸಾನ್ ಅರ್ಜಿಯನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಮುಖ ಬಿಳಿಚಿತು. ಆದರೆ ಅರ್ಜಿದಾರ ಹೇಳಲು ಇಷ್ಟಪಡದ್ದನ್ನು ಬಾಯಿಬಿಟ್ಟು ಕೇಳುವುದು ಅಸಭ್ಯತೆ. "ಅರ್ಥವಾಯಿತು" ಎಂದು ತಲೆಬಾಗಿಸಿದರು. ಇವರು ಎಷ್ಟು ಒಳ್ಳೆಯವರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ ಎಂದು ಚಂದ್ರಮೌಳಿಯೂ ತಲೆಬಾಗಿಸಿದ.

ಗುರುವಾರ ಬೆಳಗ್ಗೆ ಅವನು ಮತ್ತೆ ಚಾಪ್‌ಸ್ಟಿಕ್ ಹಿಡಿದು ಬದನೆಯ ಬುಡದಲ್ಲಿದ್ದಾಗ ಹಿರೋಸೆ-ಸಾನ್ ಬೇಲಿಯ ಆಚೆಯಿಂದ, ಒಂದು ಮಾರು ದೂರವೇ ನಿಂತು ಮಾತಾಡಿಸಿದಳು.

"ಚಂದ್ರಮೌಳಿ-ಸಾನ್, ಅದು ಇಲ್ಲಿರುವುದು ನಿಮಗೆ ಯಾವಾಗಿನಿಂದ ಗೊತ್ತು?"

ಅರ್ಜಿಯ ವಿಷಯವೆಂದು ಚಂದ್ರಮೌಳಿಗೆ ಹೊಳೆಯಿತು. ಕುವಾಬರಾ-ಸಾನ್ ಹೇಳಿಬಿಟ್ಟಿದ್ದಾರೆ. "ಸೋಮವಾರದಿಂದ."

"ಭಯವಾಗುವುದಿಲ್ಲವೇ?"

"ತುಂಬ. ಮೂರು ದಿನದಿಂದ ನಿದ್ದೆ ಇಲ್ಲ."

"ಮನೆಯವರಿಗೆ?"

"ಹೆಂಡತಿಗೆ ಗೊತ್ತು. ಅತ್ತೆಗೆ ಮಾತ್ರ ಗೊತ್ತಿಲ್ಲ. ದಯವಿಟ್ಟು ಅವರಿಗೆ ಹೇಳಬೇಡಿ. ಸೋಮವಾರ ಅವರು ಹೊರಡುವುದರೊಳಗೆ ತೆಗೆದುಬಿಡುತ್ತೇನೆ."

ಹಿರೋಸೆ-ಸಾನ್ ಕಣ್ಣು ತುಂಬಿಕೊಂಡಳು. ವಯಸ್ಸಾದ ಅತ್ತೆಗೆ ಆತಂಕವಾಗಬಾರದೆಂದು ಒಬ್ಬನೇ ಕೂತು ಚಾಪ್‌ಸ್ಟಿಕ್ಕಿನಲ್ಲಿ ಅಗೆಯುವ ಅಳಿಯನನ್ನು ಅವಳು ಎಲ್ಲೂ ಕಂಡಿರಲಿಲ್ಲ. ನಿಧಾನವಾಗಿ ಹಿಂದಕ್ಕೆ ಹೆಜ್ಜೆಯಿಡುತ್ತ, ಕೊನೆಯ ಪಾತಿ ದಾಟಿದ ಮೇಲೆ ಓಡಿದಳು. ಒಂದು ನತ್ತಿನ ವಿಷಯಕ್ಕೆ ಇಷ್ಟು ಮರುಗುವ ಜನ ಇದ್ದಾರಲ್ಲ ಎಂದುಕೊಂಡು ಚಂದ್ರಮೌಳಿ ಮುಂದಿನ ಗಿಡದ ಬುಡಕ್ಕೆ ಸರಿದ.

ಶುಕ್ರವಾರ ಮಧ್ಯಾಹ್ನ ಕಸ್ತೂರಿ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಮಚಿದಾಕ್ಕೆ ಹೋಗಿ, ಮೂರರಲ್ಲಿ ಕಿತ್ತಳೆ ಬಣ್ಣದ್ದನ್ನು ತೆಗೆದುಕೊಂಡು ಬಂದಳು.

"ಎರಡನೇದೇ ಯಾಕೆ?" ಎಂದು ಚಂದ್ರಮೌಳಿ ಕೇಳಿದ. "ಯಾವ ಆಧಾರದ ಮೇಲೆ?"

"ಮಣ್ಣಲ್ಲಿ ಬಿದ್ರೆ ಕಣ್ಣಿಗೆ ಕಾಣತ್ತೆ. ಇಲ್ದಿದ್ರೆ ಇದನ್ನ ಹುಡುಕೋಕೆ ಇನ್ನೊಂದು ತರಬೇಕು."

ಇಪ್ಪತ್ತಮೂರು ಕಾಲಮ್ಮಿನಲ್ಲಿ ಬಣ್ಣದ ಕಾಲಂ ಇರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಅವನು ಅದನ್ನು ಸೇರಿಸಲು ಲ್ಯಾಪ್‌ಟಾಪ್ ತೆರೆಯುತ್ತಿದ್ದಾಗ ಸತ್ಯವತಮ್ಮ ಅಡುಗೆಮನೆಗೆ ಬಂದು ಮೇಜಿನ ಮೇಲಿದ್ದುದನ್ನು ಎತ್ತಿಕೊಂಡರು.

"ಇದೇನೇ ಇದು, ಪ್ಲಾಸ್ಟಿಕ್ ಕ್ಯಾರೆಟ್ಟು?"

"ಅದು ನೋವಿಗಮ್ಮ" ಎಂದಳು ಕಸ್ತೂರಿ, ಬಾಯಿಗೆ ಬಂದದ್ದು. "ನೋವಿರೋ ಕಡೆ ಇಟ್ರೆ ನಡುಗತ್ತೆ."

ಸತ್ಯವತಮ್ಮನ ಬಲ ಮಂಡಿಗೆ ಹಿಂದಿನ ವರ್ಷ ಲೋಹದ ಕೀಲು ಹಾಕಿದ್ದರು. ಕ್ಯಾರೆಟ್ಟನ್ನು ಎಡ ಮಂಡಿಗೆ ಇಟ್ಟರು, ಸುಮ್ಮನಿತ್ತು. ಬಲ ಮಂಡಿಗೆ ಇಟ್ಟರು, ಗುಂಯ್ ಎಂದು ನಡುಗಿತು. ಅವರ ಮುಖ ಅರಳಿತು.

"ಎಂಥ ಬುದ್ಧಿ ನೋಡು ಇವರದ್ದು. ಯಾವ ಮಂಡಿ ಅಂತ ಅದಕ್ಕೇ ಗೊತ್ತಾಗತ್ತೆ. ಮೈಸೂರಲ್ಲಿ ಡಾಕ್ಟ್ರು ಎರಡೂ ಮಂಡಿಗೆ ಎಕ್ಸ್‌ರೇ ಬರೆದಿದ್ರು. ಅಳಿಯಂದ್ರೇ, ನನಗೋಸ್ಕರ ತರಿಸಿದ್ರಾ?"

ಚಂದ್ರಮೌಳಿ ಹೆಂಡತಿಯ ಮುಖ ನೋಡಿದ. ಅವಳು ಫ್ಯಾನಿನ ಮುಖ ನೋಡಿದಳು. ಸತ್ಯವತಮ್ಮ ಎರಡು ಗಂಟೆ ಬಲ ಮಂಡಿಗೆ ಅದನ್ನು ಒತ್ತಿಕೊಂಡು ಕೂತು, ಇಂದುವಿಗೆ ಫೋನಿನಲ್ಲಿ ಅದರ ಸದ್ದು ಕೇಳಿಸಿ, ಕ್ಯಾರೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕಿಟ್ಟು ಬೀಗ ಹಾಕಿದರು.

ಶನಿವಾರ ಬೆಳಗ್ಗೆ ಎಂಟಕ್ಕೆ ಚಂದ್ರಮೌಳಿ ಅತ್ತೆಯ ಮುಂದೆ ಕೈಕಟ್ಟಿ ನಿಂತ. "ಅತ್ತೆ, ಅದು ಒಂದು ಗಂಟೆ ಮಟ್ಟಿಗೆ ಬೇಕಿತ್ತು."

"ನಿಮಗೂ ಮಂಡಿ ನೋವಾ?"

"ಹೂಂ."

"ಈ ವಯಸ್ಸಿಗೇ" ಎಂದು ನಿಟ್ಟುಸಿರುಬಿಟ್ಟು ಬೀಗ ತೆಗೆದರು.

ಅವನು ಚಪ್ಪಲಿ ಮೆಟ್ಟುವಾಗ ಬೀದಿಯ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಮಾತಾಡತೊಡಗಿದವು. ಹತ್ತಿರದ ತರಕಾರಿ ತೋಟದಲ್ಲಿ ಯುದ್ಧಕಾಲದ ವಸ್ತುವೊಂದು ಇರುವ ಶಂಕೆಯಿದೆ, ನಿವಾಸಿಗಳು ದಯವಿಟ್ಟು ನಿಧಾನವಾಗಿ ಸಮುದಾಯ ಭವನಕ್ಕೆ ಹೋಗಬೇಕು.

"ನೋಡಿದ್ಯಾ ನನ್ನ ಹಣೆಬರಹ?" ಎಂದು ಚಂದ್ರಮೌಳಿ ಬಾಗಿಲಲ್ಲೇ ಕುಸಿದ. "ಆರು ದಿನ ಕಾದು ಇವತ್ತು ಕೈಗೆ ಕಡ್ಡಿ ಬಂದಿದೆ. ಇವತ್ತೇ ಯಾವನೋ ತಲೆಕೆಟ್ಟವನಿಗೆ ಬಾಂಬು ಕಾಣಿಸಬೇಕಾ? ಕಂಡ್ರೂ ತೆಪ್ಪಗಿರಬಾರದಾ ಸೋಮವಾರದ ತನಕ?"

ಕಸ್ತೂರಿ ಅಮ್ಮನನ್ನು ಕರೆದುಕೊಂಡು ಭವನದ ಕಡೆ ಹೊರಟಳು. ಚಂದ್ರಮೌಳಿ ಎದುರಿನಿಂದ ಬರುತ್ತಿದ್ದ ಜನರನ್ನು ಸೀಳಿಕೊಂಡು ತೋಟದ ಕಡೆ ಓಡಿದ. ಅಲ್ಲಿ ಕೆಂಪು ಕೋನ್‌ಗಳು, ಹಳದಿ ಪಟ್ಟಿ, ಹೆಲ್ಮೆಟ್ಟು ತೊಟ್ಟ ಎಂಟು ಜನ, ಎರಡು ವ್ಯಾನು. ಪಟ್ಟಿಯ ಬಳಿ ನಿಂತಿದ್ದ ಪೊಲೀಸ್ ಅಧಿಕಾರಿ ಕೈ ಅಡ್ಡ ಹಿಡಿದರು.

"ಸುಮಿಮಾಸೆನ್, ನನ್ನನ್ನು ಬಿಡಿ" ಎಂದ ಚಂದ್ರಮೌಳಿ. "ನನ್ನ ಪಾತಿಯಲ್ಲಿ ತುರ್ತು ಕೆಲಸವಿದೆ. ನಿಮ್ಮ ಬಾಂಬಿನ ತಂಟೆಗೆ ಬರುವುದಿಲ್ಲ. ಹದಿನೇಳನೇ ನಂಬರಿಗೆ ಹೋಗಿ ಬಂದುಬಿಡುತ್ತೇನೆ."

"ಹದಿನೇಳೇ?" ಅಧಿಕಾರಿ ನೆಟ್ಟಗೆ ನಿಂತರು. "ತಾವೇ ಚಂದ್ರಮೌಳಿ-ಸಾನ್?"

ಎಂಟು ಹೆಲ್ಮೆಟ್ಟುಗಳು ಒಟ್ಟಿಗೆ ತಿರುಗಿ, ಒಟ್ಟಿಗೆ ಬಾಗಿದವು. ಹಿಂದಿನಿಂದ ಕುವಾಬರಾ-ಸಾನ್ ಬಂದು ಚಂದ್ರಮೌಳಿಯ ಎರಡೂ ಕೈ ಹಿಡಿದುಕೊಂಡರು. "ಸಂಘದ ಪರವಾಗಿ ಕೃತಜ್ಞತೆಗಳು. ನಾಲ್ಕು ದಿನ. ಒಬ್ಬರೇ. ಚಾಪ್‌ಸ್ಟಿಕ್ ಹಿಡಿದು." ಅಷ್ಟು ಹೇಳಿ ಸೊಂಟದವರೆಗೆ ಬಾಗಿದರು.

ಚಂದ್ರಮೌಳಿಗೆ ಎಲ್ಲವೂ ನಿಧಾನವಾಗಿ ಅರ್ಥವಾಗುವಷ್ಟರಲ್ಲಿ ಯಾರೋ ಅವನ ತಲೆಗೆ ಹೆಲ್ಮೆಟ್ಟು ಇಟ್ಟಾಗಿತ್ತು, ಇನ್ಯಾರೋ ಚಪ್ಪಲಿ ಬಿಚ್ಚಿಸಿ ಉಕ್ಕಿನ ಮೂತಿಯ ಬೂಟು ಹಾಕಿಸುತ್ತಿದ್ದರು.

"ಅದು ಬಾಂಬಲ್ಲ" ಎಂದ ಅವನು.

"ಮತ್ತೇನು?" ಎಂದರು ಅಧಿಕಾರಿ, ಪುಸ್ತಕ ತೆರೆದು.

ತೋಟದ ಆಚೆ ದಿಬ್ಬದ ಮೇಲೆ ಸಮುದಾಯ ಭವನ. ಅದರ ಗಾಜಿನ ಕಿಟಕಿಯಲ್ಲಿ ಅರವತ್ತು ಮುಖಗಳು. ನಡುವೆ ಸತ್ಯವತಮ್ಮ, ಅವರ ಕೈ ಹಿಡಿದುಕೊಂಡು ಹಿರೋಸೆ-ಸಾನ್. ಚಂದ್ರಮೌಳಿ ದನಿ ತಗ್ಗಿಸಿದ. "ಮೂಗಿಗೆ ಹಾಕುವ ಒಡವೆ."

"ಯಾರ ಮೂಗಿಗೆ?"

"ದೇವರ ಮೂಗಿಗೆ. ದೇವಿ."

"ಅವರು ಈಗ ಎಲ್ಲಿದ್ದಾರೆ?"

"ಬದನೆ ಗಿಡದ ಕೆಳಗೆ."

ಅಧಿಕಾರಿ ಬರೆದುಕೊಂಡರು. "ಅಲ್ಲಿ ಹಾಕಿದವರು?"

"ನಾನೇ. ಬಕೆಟ್ಟಿನಲ್ಲಿ ಕರಗಿಸಿ."

ಕರಗಿಸಿ ಎಂಬಲ್ಲಿ ಪೆನ್ನು ನಿಂತಿತು. ಅಧಿಕಾರಿ ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿ, ಮನೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಕಸ್ತೂರಿಯನ್ನು ಕರೆತಂದರು. ಅವಳ ಜಪಾನಿ ಗಂಡನದಕ್ಕಿಂತ ಚೆನ್ನ. ನಾಲ್ಕೇ ವಾಕ್ಯಗಳಲ್ಲಿ, ಹಬ್ಬ, ಮಣ್ಣಿನ ದೇವಿ, ಬಕೆಟ್ಟು, ನತ್ತು ಎಲ್ಲವನ್ನೂ ಹೇಳಿ ಮುಗಿಸಿದಳು. ಐದನೆಯ ವಾಕ್ಯದಲ್ಲಿ ಗಂಡನ ಪರವಾಗಿ ಕ್ಷಮೆ ಕೇಳಿದಳು. ಆರನೆಯದು ಕನ್ನಡದಲ್ಲಿತ್ತು, ಗಂಡನಿಗೆ ಮಾತ್ರ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚಂದ್ರಮೌಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕುವಾಬರಾ-ಸಾನ್ ಕಣ್ಣೊರೆಸಿಕೊಂಡು, ಇನ್ನು ಮನೆಗೆ ಹೋಗಬಹುದೇ ಎಂದು ಕೇಳಿದರು. ಊರಿನ ಕಚೇರಿಯಿಂದ ಬಂದಿದ್ದವರು ಹಲ್ಲಿನ ಸಂದಿಯಿಂದ ಉಸಿರೆಳೆದರು. ಕಾರ್ಯಾಚರಣೆ ಮಧ್ಯಾಹ್ನ ಹನ್ನೆರಡರವರೆಗೆ ಮಂಜೂರಾಗಿದೆ. ರದ್ದು ಮಾಡಲು ಬೇರೆ ಅರ್ಜಿ ಬೇಕು. ಅದನ್ನು ತೆಗೆದುಕೊಳ್ಳುವವರಿಗೆ ಶನಿವಾರ ರಜೆ. ಆದ್ದರಿಂದ, ಲೋಹದ ವಸ್ತುವೊಂದು ಇದೆಯೆಂದು ಅರ್ಜಿಯಲ್ಲಿರುವಾಗ, ಅದು ಸಿಗುವವರೆಗೆ ಹುಡುಕುವುದೊಂದೇ ದಾರಿ.

ಹೀಗೆ ಎಂಟು ಹೆಲ್ಮೆಟ್ಟುಗಳ ಮುಂದೆ ಚಂದ್ರಮೌಳಿ ಕ್ಯಾರೆಟ್ಟು ಹಿಡಿದು ಬದನೆಯ ಬುಡದಲ್ಲಿ ಮಂಡಿಯೂರಿದ. ತುದಿ ಮಣ್ಣಿಗೆ ತಾಗಿದ ಕೂಡಲೇ ಅದು ನಡುಗಿತು. ಅವನು ಕೈಯಿಂದ ಕೆದಕಿದ, ಏನಿಲ್ಲ. ಎಡಕ್ಕೆ ಸರಿದ, ನಡುಗಿತು, ಏನಿಲ್ಲ. ಬಲಕ್ಕೆ ಸರಿದ, ನಡುಗಿತು. ಪಾತಿಯ ತುಂಬ ಚಿನ್ನವೇ ಇರುವಂತೆ ಹೋದಲ್ಲೆಲ್ಲ ನಡುಗಿತು.

"ನಾನು ಅವತ್ತೇ ಹೇಳಿದ್ದೆ" ಎಂದು ಅವನು ಕಸ್ತೂರಿಯ ಕಡೆ ತಿರುಗಿದ. "ಪಕ್ಕಾನೂ ಹಿಡಿಯತ್ತೋ ಏನೋ ಅಂತ ಕೈಪಿಡೀಲಿ ಸ್ಪಷ್ಟ ಇರಲಿಲ್ಲ."

"ರೀ," ಎಂದಳು ಕಸ್ತೂರಿ, "ಬೂಟು ಬಿಚ್ರಿ."

ಉಕ್ಕಿನ ಬೂಟು ಬಿಚ್ಚಿ ದೂರ ಇಟ್ಟ ಮೇಲೆ ಕ್ಯಾರೆಟ್ಟು ಶಾಂತವಾಯಿತು. ಹತ್ತು ನಿಮಿಷ ಶಾಂತವಾಗಿಯೇ ಇತ್ತು. ಮೂರನೇ ಗಿಡದ ಬುಡದಲ್ಲಿ, ನಾಲ್ಕು ಬೆರಳಿನ ಆಳದಲ್ಲಿ, ಗುಂಯ್ ಎಂದಿತು. ಚಂದ್ರಮೌಳಿ ಉಸಿರು ಹಿಡಿದು ಮಣ್ಣಿನ ಹೆಂಟೆಯನ್ನು ಬೆರಳಲ್ಲಿ ಒಡೆದ. ಕೆಂಪು ಕಲ್ಲು ಕಂಡಿತು. ಏಳು ಮುತ್ತನ್ನೂ ಎಣಿಸಿದ. ಅನುಮಾನ ಬಂದು ಇನ್ನೊಮ್ಮೆ ಎಣಿಸಿದ. ಭವನದ ಕಿಟಕಿಯೊಳಗಿಂದ ಚಪ್ಪಾಳೆ ಕೇಳಿಸಿತು.

ಸತ್ಯವತಮ್ಮ ಹಿರೋಸೆ-ಸಾನ್ ತೋಳು ಹಿಡಿದು ಪಾತಿಯವರೆಗೆ ಬಂದರು. ಅವರ ಹಿಂದೆ ಅರವತ್ತು ಜನ. ಅಧಿಕಾರಿ ಬಿಳಿ ಕೈಗವಸಿನ ಅಂಗೈಯಲ್ಲಿ ನತ್ತನ್ನಿಟ್ಟು ಅವರ ಮುಂದೆ ಹಿಡಿದರು. "ಇದು ತಮ್ಮದೇ ಎಂದು ಖಚಿತಪಡಿಸಬೇಕು."

ಕಸ್ತೂರಿ ಕನ್ನಡದಲ್ಲಿ ಹೇಳಿದಳು. ಚಂದ್ರಮೌಳಿ ತಲೆ ತಗ್ಗಿಸಿ, ಕಾಲುಚೀಲದಲ್ಲಿ, ಮಣ್ಣಲ್ಲಿ ನಿಂತಿದ್ದ. "ತಪ್ಪಾಯ್ತು ಅತ್ತೆ. ನಾನೇ ಬಿಚ್ಚೋದು ಮರೆತೆ."

"ಗೊತ್ತಲ್ಲ ನಂಗೆ" ಎಂದರು ಸತ್ಯವತಮ್ಮ. "ನೀವು ಬಕೆಟ್ಟಿಗೆ ಬಿಡೋವಾಗ ನಾನು ಪಕ್ಕದಲ್ಲೇ ನಿಂತಿರಲಿಲ್ವಾ? ಮೂಗಲ್ಲೇ ಇತ್ತು."

ಚಂದ್ರಮೌಳಿ ತಲೆಯೆತ್ತಿದ. "ಮತ್ತೆ ಯಾಕೆ ಹೇಳಲಿಲ್ಲ?"

"ನೀವೂ ಕೇಳಲಿಲ್ಲ." ಅವರು ನತ್ತನ್ನು ಕಣ್ಣ ಹತ್ತಿರ ತಂದು ನೋಡಿದರು, ಮುಟ್ಟಲಿಲ್ಲ. ಆಮೇಲೆ ಅಧಿಕಾರಿಯ ಕಡೆ ತಿರುಗಿ ಬಲಕ್ಕೂ ಎಡಕ್ಕೂ ತಲೆಯಾಡಿಸಿದರು. "ನಂದಲ್ಲ ಅಂತ ಹೇಳೇ ಕಸ್ತೂರಿ."

"ಅಮ್ಮ."

"ತೊಟ್ಟುಕೊಂಡು ಹೊರಟ ಮೇಲೆ ಅದು ಅವಳದ್ದು. ತವರಿಂದ ಹೊರಟ ಮಗಳ ಮೂಗಿಂದ ಬಿಚ್ಚಿಸಿಕೊಳ್ಳೋಕಾಗತ್ತಾ? ಗೌರೀದು ಅಂತ ಬರೆಸು."

ಅಧಿಕಾರಿ ಬರೆದರು. ಮಾಲೀಕರು: ಗೌರಿ. ಈಗಿನ ವಿಳಾಸ? ಕೈಲಾಸ ಎಂದು ಕಸ್ತೂರಿ ಸಣ್ಣ ದನಿಯಲ್ಲಿ ಹೇಳಿದಳು. ಸಂಪರ್ಕಕ್ಕೆ ಸಿಗುವುದು ಯಾವಾಗ? ಮುಂದಿನ ಭಾದ್ರಪದ. ಅಧಿಕಾರಿ ಪೆನ್ನಿನ ಹಿಂಬದಿಯಿಂದ ಹಣೆ ಕೆರೆದುಕೊಂಡರು. ಹಾಗಾದರೆ ಇದು ಸಿಕ್ಕಿದ ವಸ್ತು. ಠಾಣೆಯಲ್ಲಿ ಮೂರು ತಿಂಗಳು ಇಡಬೇಕು. ಅಷ್ಟರಲ್ಲಿ ಗೌರಿ-ಸಾನ್ ಬಂದು ಕೇಳದಿದ್ದರೆ, ಹುಡುಕಿ ತೆಗೆದವರಿಗೆ ಸೇರುತ್ತದೆ.

ಕಸ್ತೂರಿ ಅಮ್ಮನ ಕಡೆ ತಿರುಗಿದಳು. "ಇಂದು ಕೇಳಿದ್ರೆ ಏನಂತೀಯಮ್ಮ?"

"ಏನನ್ನೋದು? ನಾನು ನಿನಗೆ ಕೊಟ್ನಾ? ಜಪಾನ್ ಪೊಲೀಸ್ನೋರು ಅಳಿಯಂದ್ರಿಗೆ ಕೊಟ್ರು. ಅವಳಿಗೆ ಜಗಳ ಆಡಬೇಕಿದ್ರೆ ಅವರ ಹತ್ರ ಆಡ್ಲಿ." ಸತ್ಯವತಮ್ಮ ಸೆರಗು ಹೊದ್ದುಕೊಂಡರು. "ಹತ್ತು ವರ್ಷದಿಂದ ಯಾರಿಗೆ ಕೊಟ್ರೆ ಯಾರು ಮುಖ ಊದಿಸ್ತಾರೋ ಅಂತ ಒದ್ದಾಡ್ತಿದ್ದೆ. ಗೌರಿ ತನ್ನ ಮೂಗಲ್ಲಿ ಇಟ್ಕೊಂಡು ಹೊರಟಾಗ ಬಾಯಿಬಿಡೋಕೆ ನನಗೇನು ಹುಚ್ಚಾ?"

ಅಧಿಕಾರಿ ಕಾಗದವನ್ನು ಚಂದ್ರಮೌಳಿಯ ಮುಂದೆ ಹಿಡಿದರು. ಮೂರು ತಿಂಗಳ ನಂತರ ತನಗೆ ಹಕ್ಕು ಬೇಕೋ ಬೇಡವೋ, ಎರಡರಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು.

ಚಂದ್ರಮೌಳಿ ಕೈಯ ಮಣ್ಣು ಒರೆಸಿಕೊಂಡು ಕಾಗದವನ್ನು ಓದಿದ. ತಿರುಗಿಸಿ ಹಿಂಬದಿ ಓದಿದ. ದೇವಿಯ ಆಸ್ತಿಗೆ ಮನುಷ್ಯ ಹಕ್ಕು ಕೇಳಬಹುದೇ? ಕೇಳದಿದ್ದರೆ ಅದು ಸರ್ಕಾರಕ್ಕೆ ಹೋಗುವುದು ನ್ಯಾಯವೇ? ಎರಡೂ ಕಡೆಗೆ ಸಾಕಷ್ಟು ಅಂಶಗಳಿದ್ದವು. ಬಿಸಿಲು ನೆತ್ತಿಗೇರುತ್ತಿತ್ತು. ಅರವತ್ತು ಜನ ಬೆಳಗಿನ ತಿಂಡಿ ಬಿಟ್ಟು ಬಂದು ನಿಂತಿದ್ದರು.

"ಇದನ್ನು ಮನೆಗೆ ತೆಗೆದುಕೊಂಡು ಹೋಗಿ," ಎಂದು ಅವನು ವಿನಯದಿಂದ ಕೇಳಿದ, "ಸ್ವಲ್ಪ ಯೋಚಿಸಿ, ಸೋಮವಾರ ತಂದುಕೊಡಬಹುದೇ?"

ಜಪಾನಿನಲ್ಲಿ ಯಾರೂ ಯಾರಿಗೂ ಆಗುವುದಿಲ್ಲ ಎಂದು ಹೇಳುವುದಿಲ್ಲ. ಸ್ವಲ್ಪ ಕಷ್ಟ ಎನ್ನುತ್ತಾರೆ, ನೋಡೋಣ ಎನ್ನುತ್ತಾರೆ, ಉಸಿರೆಳೆದುಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ಚಂದ್ರಮೌಳಿ ಆ ಮಾತನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ಅಂದು ಅಧಿಕಾರಿ, ಕುವಾಬರಾ-ಸಾನ್, ಹಿರೋಸೆ-ಸಾನ್, ಎಂಟು ಹೆಲ್ಮೆಟ್ಟುಗಳು ಮತ್ತು ಅರವತ್ತು ಜನ ನೆರೆಯವರು ಒಂದೇ ದನಿಯಲ್ಲಿ ಹೇಳಿದರು.

"ಆಗುವುದಿಲ್ಲ."

ಚಂದ್ರಮೌಳಿ ಬೇಕು ಎಂಬ ಚೌಕಕ್ಕೆ ಗುರುತು ಹಾಕಿದ.